ಒಣಗಿದ ಮೇಲೆ ಉದುರುವ, ಹೊಗೆ ಬಿಡುವ ಇದ್ದಿಲು ಬ್ರಿಕೆಟ್: ಕಾರಣವೇನು?

ಪ್ರಶ್ನೆ:
ಮೆಕ್ಕೆಜೋಳದ ದಿಂಡು ಮತ್ತು ಮರದ ಚೂರುಗಳನ್ನು ಡ್ರಮ್ಮಿನಲ್ಲಿ ಸುಟ್ಟು, ಇದ್ದಿಲನ್ನು ಪುಡಿ ಮಾಡಿ, ಅದಕ್ಕೆ ಶೇ. 6ರಷ್ಟು ಮರಗೆಣಸಿನ ಹಿಟ್ಟು ಬೆರೆಸಿ, ತಣ್ಣೀರಿನಲ್ಲಿ ಕಲಸಿ ಕೈ ಅಚ್ಚಿನಲ್ಲಿ ಒತ್ತುತ್ತಿದ್ದೇನೆ. ಹಸಿಯಿದ್ದಾಗ ಗಟ್ಟಿಯಾಗಿ ಕಾಣುವ ಬ್ರಿಕೆಟ್‌ಗಳು ಒಣಗಿದ ಮೇಲೆ ಅಂಚಿನಿಂದ ಉದುರುತ್ತವೆ. ಹೊತ್ತಿಸಿದರೆ ಕಣ್ಣುರಿಯುವಷ್ಟು ಹೊಗೆ ಬರುತ್ತದೆ. ಹಿಟ್ಟು ಹೆಚ್ಚಿಸಬೇಕೇ, ಒತ್ತಡ ಸಾಲದೇ?

ಉತ್ತರ:
ಉದುರುವುದಕ್ಕೂ ಹೊಗೆಗೂ ಕಾರಣ ಬೇರೆ ಬೇರೆ. ಹಿಟ್ಟಿನ ಪ್ರಮಾಣ ಸಾಕಷ್ಟಿದೆ, ಆದರೆ ಬೇಯದ ಹಿಟ್ಟು ಅಂಟುವುದಿಲ್ಲ. ಒಂದು ಬ್ರಿಕೆಟ್ ಮುರಿದು ನೋಡಿ. ಒಳಗೆ ಬಿಳಿ ಚುಕ್ಕೆಗಳು ಕಂಡರೆ ಅದು ಹಸಿ ಹಿಟ್ಟೇ. ಹಿಟ್ಟನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸುರಿದು, ಬಿಳುಪು ಹೋಗಿ ಪಾರದರ್ಶಕವಾಗುವವರೆಗೆ ತಿರುವಿ, ಆ ಗಂಜಿ ಬೆಚ್ಚಗಿರುವಾಗಲೇ ಜರಡಿ ಹಿಡಿದ ಪುಡಿಗೆ ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ಬರೀ ಒತ್ತಡವನ್ನು ನಂಬಬೇಡಿ: ಸುಡದ ಮರದ ಹೊಟ್ಟನ್ನು ಭಾರಿ ಒತ್ತಡ ಮತ್ತು ಶಾಖದಲ್ಲಿ ಹಿಡಿದಿಡುವ ಲಿಗ್ನಿನ್ ಎಂಬ ಮರದ ಸಹಜ ಅಂಟು, ಇದ್ದಿಲಾಗುವಾಗಲೇ ಒಡೆದುಹೋಗಿರುತ್ತದೆ.

ಹೊಗೆಗೆ ಕಾರಣ ಅರೆಬೆಂದ ಚೂರುಗಳು. ಪೂರ್ತಿ ಇದ್ದಿಲಾದ ದಿಂಡು ಚಟ್ಟನೆ ಮುರಿಯುತ್ತದೆ. ಒಳಗೆ ಕಂದು ಬಣ್ಣವೋ ನಾರೋ ಉಳಿದಿದ್ದರೆ ಅದನ್ನು ಆರಿಸಿ ಮುಂದಿನ ಸುಡುವಿಕೆಗೆ ಹಾಕಿ. ದಪ್ಪ ಮರದ ತುಂಡಿನ ಒಳಭಾಗ ಬೇಯುವಷ್ಟರಲ್ಲಿ ದಿಂಡು ಬೂದಿಯಾಗುವುದರಿಂದ, ಎರಡನ್ನೂ ಬೇರೆಬೇರೆಯಾಗಿ ಸುಡುವುದು ಮೇಲು.

ಮರುಪ್ರಶ್ನೆ:
ಗಂಜಿ ಮಾಡಿದ ಮೇಲೆ ಉದುರುವುದು ನಿಂತಿದೆ, ಹೊಗೆಯೂ ಕಡಿಮೆಯಾಗಿದೆ. ಆದರೆ ಬಿಸಿಲಿಗಿಟ್ಟಾಗ ಮೇಲೆಲ್ಲ ಬಿರುಕು. ಭತ್ತದ ಹೊಟ್ಟಿನ ಇದ್ದಿಲನ್ನೂ ಸೇರಿಸಬಹುದೇ?

ಉತ್ತರ:
ಸೇರಿಸಬಹುದು, ಆದರೆ ನಾನು ಸೇರಿಸುವುದಿಲ್ಲ. ಹೊಟ್ಟಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿಯೇ, ಅದರಲ್ಲಿ ಬಹುಪಾಲು ಮರಳಿನಲ್ಲಿರುವಂಥ, ಉರಿಯದ ಸಿಲಿಕಾ. ಇದ್ದಿಲಾದಾಗ ಆ ಪಾಲು ಇನ್ನೂ ಏರಿ, ಕಾವು ಇಳಿದು ಒಲೆಯಲ್ಲಿ ಬೂದಿ ತುಂಬುತ್ತದೆ. ಜೇಡಿಮಣ್ಣನ್ನು ಅಂಟಾಗಿ ಬಳಸಿದರೂ ಇದೇ ಪಾಡು.

ಹೊಗೆ ಕಡಿಮೆಯಾಯಿತೆಂದು ಮುಚ್ಚಿದ ಕೋಣೆಯಲ್ಲಿ ಮಾತ್ರ ಉರಿಸಬೇಡಿ. ಇದ್ದಿಲು ಉರಿಯುವಾಗ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೂ ಮೂಗಿಗೂ ತಿಳಿಯದು.

ಹೊರಪದರ ಬೇಗ ಒಣಗಿ ಕುಗ್ಗಿ, ಒಳಗೆ ತೇವ ಉಳಿದಾಗ ಬಿರುಕು ಬಿಡುತ್ತದೆ. ಮೊದಲು ಗಾಳಿಯಾಡುವ ನೆರಳಿನಲ್ಲಿ ಮಗುಚುತ್ತ ಒಣಗಿಸಿ, ಗಟ್ಟಿಯಾದ ಮೇಲಷ್ಟೇ ಬಿಸಿಲಿಗಿಡಿ. ಗುರುತು ಹಾಕಿದ ಒಂದೇ ಬ್ರಿಕೆಟ್ಟನ್ನು ದಿನವೂ ತೂಗುತ್ತಿರಿ; ತೂಕ ಇಳಿಯುವುದು ನಿಂತ ಮೇಲೆಯೇ ಚೀಲಕ್ಕೆ ತುಂಬಿ.