ಇಟಲಿ, ಸ್ವಿಸ್, ದುಬೈ: ಫಾರೆಕ್ಸ್ ಕಾರ್ಡೋ, ಕ್ರೆಡಿಟ್ ಕಾರ್ಡೋ?

ಗಾಂಧಿಬಜಾರ್_ಕಾಫಿ:
ಮೇ ತಿಂಗಳಲ್ಲಿ ಅಪ್ಪ ಅಮ್ಮನ ಜೊತೆ ಇಟಲಿ, ಸ್ವಿಟ್ಜರ್ಲೆಂಡ್, ಬರೋ ದಾರೀಲಿ ದುಬೈ. ಟಿಕೆಟ್ ಆಗಿದೆ. ಹೋಟೆಲ್ ದುಡ್ಡು ಅಲ್ಲೇ ಹೋಗಿ ಕಟ್ಟಬೇಕು. ಊಟ, ರೈಲು, ಕೈಖರ್ಚು ಎಲ್ಲಾ ಸೇರಿ ಮೂರು ಲಕ್ಷದ ಆಸುಪಾಸು. ಸಂಬಳದ ಖಾತೆ ಇರೋ ಬ್ಯಾಂಕಿನವರು ಮಲ್ಟಿ ಕರೆನ್ಸಿ ಫಾರೆಕ್ಸ್ ಕಾರ್ಡ್ (ಹಲವು ದೇಶದ ದುಡ್ಡು ಮೊದಲೇ ತುಂಬಿಸಿಡೋ ಕಾರ್ಡ್) ತಗೊಳ್ಳಿ, ‘ಝೀರೋ ಮಾರ್ಕಪ್’, ಅಂದರೆ ವಿದೇಶಿ ದುಡ್ಡಿನ ಖರ್ಚಿಗೆ ಬ್ಯಾಂಕ್ ಹಾಕೋ ಹೆಚ್ಚುವರಿ ಶುಲ್ಕ ಇಲ್ಲ ಅಂತಿದಾರೆ. ಕೈಲಿರೋ ಕ್ರೆಡಿಟ್ ಕಾರ್ಡ್‌ಗೆ ಮಾರ್ಕಪ್ ಶೇ. 3.5. ಟಿಸಿಎಸ್ (ಹೊರದೇಶದ ಖರ್ಚಿನ ದುಡ್ಡಿನ ಮೇಲೆ ಮುಂಚೆಯೇ ವಸೂಲಿ ಮಾಡೋ ತೆರಿಗೆ) ಶೇ. 20 ಹಿಡೀತಾರೆ ಅನ್ನೋ ಭಯ ಬೇರೆ. ಯಾವುದಕ್ಕೆ ಯಾವ ಕಾರ್ಡ್? ನಗದು ಎಷ್ಟು ಒಯ್ಯಬೇಕು?

ಲೆಕ್ಕ_ಪಕ್ಕಾ:
ಮೊದಲು ಟಿಸಿಎಸ್ ಭಯ ಬಿಡಿ. 2025ರ ಏಪ್ರಿಲ್‌ನಿಂದ ಒಂದು ಪ್ಯಾನ್‌ಗೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲೆ ಮಾತ್ರ ಅದು ಬರೋದು, ಅದೂ ದಾಟಿದ ಭಾಗದ ಮೇಲೆ. ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್, ನಗದು ಕೊಂಡಿದ್ದು ಈ ಲೆಕ್ಕಕ್ಕೆ ಸೇರುತ್ತೆ. ಹೊರದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡ್ ಉಜ್ಜಿದ್ದು ಸೇರಲ್ಲ. ಕಟ್ ಆದರೂ ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು.

ಈಗ ನಿಜವಾದ ಲೆಕ್ಕ. ಸುಲಭಕ್ಕೆ ಯೂರೋ ನೂರು ರೂಪಾಯಿ ಅಂತಿಟ್ಟುಕೊಳ್ಳಿ. ನಿಮ್ಮ ಈಗಿನ ಕ್ರೆಡಿಟ್ ಕಾರ್ಡಲ್ಲಿ 1,000 ಯೂರೋ ಖರ್ಚು ಮಾಡಿದರೆ ಮಾರ್ಕಪ್ 3,500, ಅದರ ಮೇಲೆ ಶೇ. 18 ಜಿಎಸ್‌ಟಿ 630. ಒಟ್ಟು 4,130 ರೂಪಾಯಿ ಸುಮ್ಮನೆ ಹೋಯ್ತು. ಮೂರು ಲಕ್ಷಕ್ಕೆ 12 ಸಾವಿರದ ಮೇಲೆ.

ಫಾರೆಕ್ಸ್ ಕಾರ್ಡಿನ ‘ಝೀರೋ’ ಎಲ್ಲಿ ಅಡಗಿರುತ್ತೆ ಅಂದರೆ ಲೋಡ್ ಮಾಡುವ ದರದಲ್ಲಿ. ಮಾರುಕಟ್ಟೆ ದರ 100 ಇದ್ದಾಗ ಬ್ಯಾಂಕು 102.50ಕ್ಕೆ ಮಾರಿದರೆ ಒಂದು ಲಕ್ಷಕ್ಕೆ ಸಿಗೋದು 975 ಯೂರೋ ಅಷ್ಟೆ. ಮಾರ್ಕಪ್ ಅಂತ ಹೆಸರಿಲ್ಲ, ದುಡ್ಡು ಮಾತ್ರ ಹೋಗಿರುತ್ತೆ. ಜೊತೆಗೆ ಕರೆನ್ಸಿ ಕೊಂಡಿದ್ದಕ್ಕೆ ಜಿಎಸ್‌ಟಿ, ಒಂದು ಲಕ್ಷಕ್ಕೆ 180 ರೂಪಾಯಿ. ಹಾಗಾಗಿ ಬ್ಯಾಂಕಿನವರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ‘ಈಗ, ಈ ನಿಮಿಷಕ್ಕೆ ಯೂರೋ ಎಷ್ಟಕ್ಕೆ ಕೊಡ್ತೀರಿ?’ ಅದನ್ನ ಗೂಗಲ್‌ನಲ್ಲಿ ಕಾಣೋ ದರದ ಪಕ್ಕ ಇಟ್ಟು ನೋಡಿ.

ಇನ್ನೊಂದು, ಯೂರೋ ಮಾತ್ರ ತುಂಬಿಸಿಕೊಂಡು ಸ್ವಿಸ್‌ನಲ್ಲಿ ಫ್ರಾಂಕ್ ಖರ್ಚು ಮಾಡಿದರೆ ಕ್ರಾಸ್ ಕರೆನ್ಸಿ ಶುಲ್ಕ ಅಂತ ಇನ್ನೂ ಶೇ. 2ರಿಂದ 3.5 ಹೋಗುತ್ತೆ. ಯೂರೋ, ಫ್ರಾಂಕ್, ದಿರ್ಹಮ್ ಮೂರನ್ನೂ ಬೇರೆ ಬೇರೆ ತುಂಬಿಸಬೇಕು. ಉಳಿದಿದ್ದನ್ನ ವಾಪಸ್ ರೂಪಾಯಿ ಮಾಡುವಾಗ ಅವರು ಕೊಳ್ಳುವ ದರ ಬೇರೆ, ಅಲ್ಲಿ ಮತ್ತೆ ಕತ್ತರಿ.

ನನ್ನ ಮಾತು ಕೇಳೋದಾದರೆ ಮಾರ್ಕಪ್ಪೇ ಇಲ್ಲದ ಕ್ರೆಡಿಟ್ ಕಾರ್ಡ್ ಒಂದನ್ನ ಈಗಲೇ ಅರ್ಜಿ ಹಾಕಿ ತಗೊಳ್ಳಿ. ಮಾರುಕಟ್ಟೇಲಿ ಹಲವಾರಿವೆ, ಕೆಲವು ಎಫ್‌ಡಿ ಇಟ್ಟರೂ ಕೊಡ್ತಾರೆ. ಜಾಹೀರಾತು ನಂಬಬೇಡಿ, ಶುಲ್ಕಪಟ್ಟಿಯಲ್ಲಿ ‘ಫಾರಿನ್ ಕರೆನ್ಸಿ ಮಾರ್ಕಪ್’ ಸಾಲು ಓದಿ. ಆಗ ಬೀಳೋದು ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ದರ ಮಾತ್ರ, ಅದು ಮಾರುಕಟ್ಟೆ ದರಕ್ಕೆ ಹತ್ತಿರ ಇರುತ್ತೆ.

ಮಲ್ಲೇಶ್ವರಂ_8ನೇಕ್ರಾಸ್:
ಲೆಕ್ಕ_ಪಕ್ಕಾ ಅವರ ಲೆಕ್ಕ ಸರಿ, ಆದರೆ ಫಾರೆಕ್ಸ್ ಕಾರ್ಡನ್ನ ಪೂರ್ತಿ ತೆಗೆದುಹಾಕಬೇಡಿ. ಅಲ್ಲಿ ಎಟಿಎಂನಿಂದ ದುಡ್ಡು ತೆಗೀಬೇಕಾದರೆ ಕ್ರೆಡಿಟ್ ಕಾರ್ಡ್ ಮುಟ್ಟಲೇಬಾರದು. ಮಾರ್ಕಪ್ ಸೊನ್ನೆ ಇದ್ದರೂ ನಗದು ಮುಂಗಡ ಶುಲ್ಕ, ಸಾಮಾನ್ಯವಾಗಿ ಶೇ. 2.5, ಕನಿಷ್ಠ 500 ರೂಪಾಯಿ. ಬಡ್ಡಿ ಅದೇ ದಿನದಿಂದ ಶುರು, ಬಡ್ಡಿ ಇಲ್ಲದ 45 ದಿನದ ಗಡುವು ಇದಕ್ಕಿಲ್ಲ. ಅದಕ್ಕೆ ಫಾರೆಕ್ಸ್ ಕಾರ್ಡಲ್ಲಿ ಒಂದು 300 ಯೂರೋ, 200 ಫ್ರಾಂಕ್ ಇರಲಿ. ಅಪ್ಪನ ಜೇಬಲ್ಲಿ ಅದು, ನಿಮ್ಮ ಜೇಬಲ್ಲಿ ಕ್ರೆಡಿಟ್ ಕಾರ್ಡ್. ಒಂದೇ ಪರ್ಸಲ್ಲಿ ಎರಡೂ ಇಟ್ಟರೆ ಎರಡನೇ ಕಾರ್ಡ್ ಇದ್ದೂ ಇಲ್ಲದ ಹಾಗೆ. ಬ್ಯಾಂಕೂ ಬೇರೆ ಬೇರೆ ಇರಲಿ.

ಹೋಟೆಲ್ ಡೆಪಾಸಿಟ್‌ಗೆ ಮಾತ್ರ ಫಾರೆಕ್ಸ್ ಕಾರ್ಡ್ ಕೊಡಬೇಡಿ. ಅವರು 200 ಯೂರೋ ತಡೆಹಿಡಿದರೆ ನಿಮ್ಮದೇ ದುಡ್ಡು ಸಿಕ್ಕಿಹಾಕಿಕೊಂಡಂತೆ. ಹೋಟೆಲಿನವರು ಬಿಟ್ಟರೂ ಕಾರ್ಡಿಗೆ ವಾಪಸ್ ಬರೋಕೆ ವಾರಗಟ್ಟಲೆ ಆಗಬಹುದು. ಕ್ರೆಡಿಟ್ ಕಾರ್ಡಲ್ಲಾದರೆ ಲಿಮಿಟ್ ತಾನೆ, ಬಿಡಿ. ಕಾರು ಬಾಡಿಗೆಗೂ ಬಹಳಷ್ಟು ಕಡೆ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು ಅಂತಾರೆ.

ಗಾಂಧಿಬಜಾರ್_ಕಾಫಿ:
ಅರ್ಥ ಆಯ್ತು. ಅಂಗಡೀಲಿ ‘ರುಪೀಸಾ, ಯೂರೋನಾ’ ಅಂತ ಕೇಳ್ತಾರಂತೆ? ರೂಪಾಯಿ ಒತ್ತಿದರೆ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತಲ್ಲ, ಒಳ್ಳೇದಲ್ವಾ?

ಲೆಕ್ಕ_ಪಕ್ಕಾ:
ಒತ್ತಲೇಬೇಡಿ! ಅದು ಡಿಸಿಸಿ, ಅಂದರೆ ಡೈನಮಿಕ್ ಕರೆನ್ಸಿ ಕನ್ವರ್ಷನ್, ಬಿಲ್ಲನ್ನ ಅಲ್ಲೇ ರೂಪಾಯಿಗೆ ಬದಲಾಯಿಸೋದು. ದರ ಹಾಕೋದು ವೀಸಾನೂ ಅಲ್ಲ, ನಿಮ್ಮ ಬ್ಯಾಂಕೂ ಅಲ್ಲ, ಆ ಅಂಗಡಿಯ ಮೆಷೀನಿನವರು. 100 ಯೂರೋ ಬಿಲ್‌ಗೆ ಅವರು ಶೇ. 5 ಸೇರಿಸಿ 10,500 ತೋರಿಸಿದರು ಅಂದುಕೊಳ್ಳಿ. ಹೊರದೇಶದ ವ್ಯಾಪಾರಿಗೆ ರೂಪಾಯಲ್ಲಿ ಕಟ್ಟಿದ್ದಕ್ಕೆ ಇಲ್ಲಿನ ಹಲವು ಬ್ಯಾಂಕುಗಳು ಮತ್ತೆ ಶೇ. 1 ಮತ್ತು ಜಿಎಸ್‌ಟಿ ಹಾಕ್ತವೆ, ಅಂದರೆ ಇನ್ನೂ 124 ರೂಪಾಯಿ. ಝೀರೋ ಮಾರ್ಕಪ್ ಕಾರ್ಡ್ ತಗೊಂಡ ಉದ್ದೇಶವೇ ಮಣ್ಣುಪಾಲು.

ಎಟಿಎಂನಲ್ಲಿ ಇದೇ ಪ್ರಶ್ನೆ ಹೆದರಿಸೋ ಥರ ಬರುತ್ತೆ. ‘ಡಿಕ್ಲೈನ್ ಕನ್ವರ್ಷನ್’ ಅಂತ ಇರುತ್ತೆ, ಒತ್ತಿದರೆ ವ್ಯವಹಾರ ರದ್ದಾಗುತ್ತೇನೋ ಅಂತ ಜನ ‘ಆಕ್ಸೆಪ್ಟ್’ ಒತ್ತಿಬಿಡ್ತಾರೆ. ರದ್ದಾಗಲ್ಲ, ಯೂರೋ ಲೆಕ್ಕದಲ್ಲೇ ದುಡ್ಡು ಬರುತ್ತೆ. ಅಂಗಡಿಯವರು ಕೇಳದೆ ತಾವೇ ರೂಪಾಯಿ ಒತ್ತಿದ್ದರೆ ರಸೀದೀಲಿ ಎರಡು ಮೊತ್ತ ಕಾಣುತ್ತೆ. ಅಲ್ಲೇ ನಿಂತು ರದ್ದು ಮಾಡಿಸಿ ಯೂರೋದಲ್ಲಿ ಮತ್ತೆ ಹಾಕಿಸಿ. ಇಲ್ಲಿ ಬೆಂಗಳೂರಲ್ಲಿ ಕೂತು ಹೊರದೇಶದ ವೆಬ್‌ಸೈಟಲ್ಲಿ ಬುಕ್ ಮಾಡುವಾಗಲೂ ಇದೇ ಕಾಟ, ರೂಪಾಯಿ ಬೆಲೆ ಕಂಡಿತು ಅಂತ ಖುಷಿಪಡಬೇಡಿ.

ದುಬೈನಲ್ಲಿ ಕೆಲವು ಕಡೆ ಯುಪಿಐ ನಡೆಯುತ್ತೆ. ಆಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಆನ್ ಮಾಡಿರಬೇಕು. ಅದೊಂದನ್ನೇ ನಂಬಿಕೊಂಡು ಹೋಗೋಷ್ಟು ಅಂಗಡಿಗಳಿಲ್ಲ.

ನಮ್ಮೆಟ್ರೋ_ಪ್ರಯಾಣಿಕ:
ನಗದಿನ ಬಗ್ಗೆ ಯಾರೂ ಹೇಳಲಿಲ್ಲ. ಇಟಲಿಯಲ್ಲಿ 2022ರ ಜೂನ್ ಕೊನೆಯಿಂದ ಕಾರ್ಡ್ ಬೇಡ ಅಂದರೆ ಅಂಗಡಿಯವರಿಗೇ ದಂಡ, ಹಾಗಾಗಿ ನಗದು ಹೆಚ್ಚು ಬೇಕಾಗಲ್ಲ. ಆದರೆ ಹೋಟೆಲ್‌ನ ಸಿಟಿ ಟ್ಯಾಕ್ಸ್ (ಉಳಿದುಕೊಳ್ಳೋ ಪ್ರವಾಸಿಗರಿಗೆ ಊರಿನವರು ಹಾಕೋ ತೆರಿಗೆ) ಅನ್ನ ಕೆಲವರು ನೋಟಲ್ಲೇ ಕೇಳ್ತಾರೆ. ಮೂವರಿಗೆ 250 ಯೂರೋ, 100 ಫ್ರಾಂಕ್ ಸಾಕು, 20 ಮತ್ತು 50ರ ನೋಟು ಕೇಳಿ ತಗೊಳ್ಳಿ. ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಕಡೆ ಎರಡು ಮೂರು ಮನಿ ಚೇಂಜರ್‌ಗಳಿಗೆ ಫೋನ್ ಮಾಡಿ ದರ ಕೇಳಿ. ದೇವನಹಳ್ಳಿ ವಿಮಾನ ನಿಲ್ದಾಣದ ಕೌಂಟರ್‌ಗೆ ಬಿಟ್ಟಿಟ್ಟುಕೊಳ್ಳಬೇಡಿ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ಪ್ರತಿ ಬೇಕು. ಮೊತ್ತ 50 ಸಾವಿರ ಮುಟ್ಟಿದರೆ ರೂಪಾಯಿ ನಗದು ಕೊಡೋಹಾಗಿಲ್ಲ, ಖಾತೆಯಿಂದಲೇ ಹೋಗಬೇಕು.

ಫ್ರಾಂಕ್ ಎಣಿಸಿಕೊಳ್ಳುವಾಗ ನೋಟನ್ನ ತಿರುಗಿಸಿ ನೋಡಿ. ವ್ಯಕ್ತಿಯ ಮುಖ ಇದ್ದರೆ ಅದು ಹಳೇ ಎಂಟನೇ ಸರಣಿ. 2021ರ ಏಪ್ರಿಲ್ 30ರಿಂದ ಅಲ್ಲಿ ಚಲಾವಣೆ ಇಲ್ಲ, ಅಂಗಡಿಯವರು ತಗೊಳ್ಳಲ್ಲ, ಸ್ವಿಸ್ ನ್ಯಾಷನಲ್ ಬ್ಯಾಂಕಿಗೇ ಹೋಗಿ ಬದಲಾಯಿಸಬೇಕು. ಹೊಸದರಲ್ಲಿ ಕೈ ಮತ್ತು ಭೂಗೋಳದ ಚಿತ್ರ ಇರುತ್ತೆ.

ಹೊರಡೋ ವಾರ ಆಪ್ ತೆರೆದು ಇಂಟರ್‌ನ್ಯಾಷನಲ್ ಕೆಳಗೆ ಅಂಗಡಿ, ಆನ್‌ಲೈನ್, ಟ್ಯಾಪ್, ಎಟಿಎಂ ಒಂದೊಂದೂ ನೋಡಿ. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಹೊರದೇಶದ ಬಳಕೆ ನಾವಾಗಿ ಆನ್ ಮಾಡೋವರೆಗೂ ಆಫ್ ಇರುತ್ತೆ. ಆನ್ ಮಾಡಿಯೂ ಕಾರ್ಡ್ ನಡೀದಿದ್ದರೆ ದಿನದ ಲಿಮಿಟ್ ಸೊನ್ನೆಯಲ್ಲೇ ಇರೋ ಸಾಧ್ಯತೆ ಜಾಸ್ತಿ. ಒಟಿಪಿಗೆ ಬೆಂಗಳೂರಿನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಇರಲಿ, ಡೇಟಾ ಆಫ್ ಮಾಡಿ. ಕಾರ್ಡ್ ಕಳೆದರೆ ಅಂತ 1800 ನಂಬರ್ ಬರೆದಿಟ್ಟುಕೊಂಡು ಹೋಗಬೇಡಿ, ಹೊರದೇಶದಿಂದ ಅದು ಸಿಗುತ್ತೆ ಅನ್ನೋ ನೆಚ್ಚಿಕೆ ಇಲ್ಲ. ಬ್ಯಾಂಕಿನ +91 ಇಂದ ಶುರುವಾಗೋ ನಂಬರ್ ಹುಡುಕಿ ಅಪ್ಪನ ಫೋನಲ್ಲೂ ಸೇವ್ ಮಾಡಿ.