4×5 ಇಂಚಿನ ಶೀಟ್ ಫಿಲ್ಮ್: ಆಕಾಶದ ಭಾಗದಲ್ಲಿ ಪಟ್ಟೆ, ಅಂಚಲ್ಲಿ ಡೆನ್ಸಿಟಿ (ಕಪ್ಪು) ಜಾಸ್ತಿ

ಪ್ರಶ್ನೆ: ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್, ಐಡಿ-11 ಡೆವಲಪರ್ 1+1 (ಸಮಪಾಲು ನೀರು ಬೆರೆಸಿ). ಹ್ಯಾಂಗರ್‌ಗೆ (ಶೀಟ್ ಹಿಡಿಯೋ, ತೂತುಗಳಿರೋ ಚೌಕಟ್ಟು) ಹಾಕಿ ಟ್ಯಾಂಕ್‌ನಲ್ಲಿ ಡೆವಲಪ್ ಮಾಡ್ತೀನಿ. ನೆಗೆಟಿವ್‌ನಲ್ಲಿ ಹ್ಯಾಂಗರ್ ತೂತುಗಳ ನೇರಕ್ಕೆ ಪಟ್ಟೆ ಬರ್ತಿದೆ. ಅಜಿಟೇಶನ್ (ಅಲುಗಾಡಿಸೋದು) ಕಮ್ಮಿಯಾಯ್ತಾ, ಜಾಸ್ತಿಯಾಯ್ತಾ?

ಉತ್ತರ 1: ಜಾಸ್ತಿ, ಅದೂ ಜೋರಾಗಿ. ಹ್ಯಾಂಗರನ್ನು ಸರ‍್ರನೆ ಎತ್ತಿಳಿಸಿದಾಗ ದ್ರಾವಣ ತೂತುಗಳಿಂದ ನುಗ್ಗಿ, ಅಲ್ಲಿಗಷ್ಟೇ ತಾಜಾ ಡೆವಲಪರ್ ಹೆಚ್ಚು ಸಿಗುತ್ತೆ. ನಿಮಿಷಕ್ಕೊಮ್ಮೆ ಪೂರ್ತಿ ಮೇಲೆತ್ತಿ, ಒಂದು ಮೂಲೆಗೆ ವಾಲಿಸಿ ಬಸಿದು, ನಿಧಾನಕ್ಕೆ ಇಳಿಸಿ. ಮತ್ತೆ ಎತ್ತಿ ಇನ್ನೊಂದು ಮೂಲೆಗೆ.

ಉತ್ತರ 2: ಹ್ಯಾಂಗರ್ ಸಹವಾಸವೇ ಬೇಡ, ಟ್ರೇ ಮಾಡಿ. 4×5ಕ್ಕೆ 8×10 ಟ್ರೇ, ಒಂದು ಲೀಟರ್ ದ್ರಾವಣ, ಸಲಕ್ಕೆ ನಾಲ್ಕೇ ಶೀಟ್. ಮೊದಲು ನೀರಲ್ಲಿ ಒಂದೊಂದಾಗಿ ಮುಳುಗಿಸಿ 2-3 ನಿಮಿಷ ನೆನೆಸಿ. ಒಣ ಶೀಟುಗಳು ಒಂದಕ್ಕೊಂದು ಅಂಟಿದ್ರೆ ಬಿಡಿಸೋಕಾಗಲ್ಲ. ಎಮಲ್ಶನ್ (ಬೆಳಕು ಗ್ರಹಿಸೋ ಲೇಪನ) ಮೇಲ್ಮುಖ. ಅಡಿಯ ಶೀಟ್ ಎಳೆದು ಮೇಲೆ ಹಾಕಿ ಅಂಗೈಯಿಂದ ಮೆಲ್ಲಗೆ ಒತ್ತಿ. ಮೂಲೆ ತಾಗಿದ್ರೆ ಕೆಳಗಿನದಕ್ಕೆ ಗೀರು ಗ್ಯಾರಂಟಿ. ಸುತ್ತು ಮುಗಿದಾಗ ಕಟ್ಟನ್ನು 90 ಡಿಗ್ರಿ ತಿರುಗಿಸಿ. ಕೆಂಪು ದೀಪವೂ ಬೇಡ, ಪೂರ್ತಿ ಕತ್ತಲು.

ಉತ್ತರ 3: ಟ್ರೇ ಆದ್ರೆ ಟೈಮ್ ಬದಲಿಸಿ. 20 ಡಿಗ್ರಿಗೆ 13 ನಿಮಿಷ ಅನ್ನೋದು ಬಿಟ್ಟುಬಿಟ್ಟು ಅಲುಗಾಡಿಸೋದಕ್ಕೆ. ಸತತವಾಗಿ ಅಂದ್ರೆ 11ರಿಂದ ಶುರು ಮಾಡಿ. ಬೇಸಿಗೆಯಲ್ಲಿ ದ್ರಾವಣ ಬಿಸಿಯಾಯ್ತು ಅಂತ ಟೈಮನ್ನು 5 ನಿಮಿಷಕ್ಕಿಂತ ಕೆಳಗಿಳಿಸಬೇಡಿ, ಮತ್ತೆ ಪಟ್ಟೆ ಬರುತ್ತೆ. ಅದರ ಬದಲು ಟ್ರೇಯನ್ನು ಐಸ್ ನೀರಿನ ಇನ್ನೊಂದು ದೊಡ್ಡ ಟ್ರೇಯಲ್ಲಿಡಿ.