ಜಗಳೂರು ಶಾಖೆಯ ಫೈರ್‌ವಾಲ್ ಸಿಸ್‌ಲಾಗ್ ಮಾತ್ರ ವಾಝೂ ಸರ್ವರಿಗೆ ತಲುಪುತ್ತಿಲ್ಲ

ಬೆಣ್ಣೆನಗರಿ_ನೆಟ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದ ನೆಟ್‌ವರ್ಕ್ ನನ್ನ ಉಸ್ತುವಾರಿಯಲ್ಲಿದೆ. ಪ್ರಧಾನ ಕಚೇರಿಗೆ ಹರಿಹರ ಶಾಖೆ ಲೀಸ್ಡ್ ಲೈನ್ ಮೂಲಕವೂ, ಜಗಳೂರು ಶಾಖೆ ಬ್ರಾಡ್‌ಬ್ಯಾಂಡ್ ಮೇಲಿನ ಐಪಿಸೆಕ್ ವಿಪಿಎನ್ (ಇಂಟರ್‌ನೆಟ್ ಮೇಲಿನ ಗೂಢಲಿಪಿಯ ಸಂಪರ್ಕ, ಅಂದರೆ ಟನೆಲ್) ಮೂಲಕವೂ ಸೇರಿವೆ. ಎಲ್ಲ ಉಪಕರಣಗಳ ಲಾಗ್‌ಗಳನ್ನು ಒಂದೆಡೆ ಸೇರಿಸಲು ವಾಝೂ ಎಂಬ ಭದ್ರತಾ ನಿಗಾ ತಂತ್ರಾಂಶದ ಸರ್ವರ್ ಹಾಕಿ, ಯುಡಿಪಿ 514ನೇ ಪೋರ್ಟ್‌ನಲ್ಲಿ ಸಿಸ್‌ಲಾಗ್ (ಉಪಕರಣಗಳು ಲಾಗ್ ಕಳಿಸುವ ಸಾಮಾನ್ಯ ವಿಧಾನ) ಸ್ವೀಕರಿಸುವಂತೆ ಮಾಡಿದ್ದೇನೆ. ಜಗಳೂರಿನ ಸಿಸ್ಕೊ ಸ್ವಿಚ್‌ನ ಲಾಗ್‌ಗಳು ಬರುತ್ತಿವೆ, ಆದರೆ ಅದೇ ಶಾಖೆಯ ಫೋರ್ಟಿಗೇಟ್ ಫೈರ್‌ವಾಲ್‌ನಿಂದ ಒಂದು ಸಾಲೂ ಬರುತ್ತಿಲ್ಲ. ಶಾಖೆಯ ಕಂಪ್ಯೂಟರಿನಿಂದ ಸರ್ವರಿಗೆ ಪಿಂಗ್ ಸರಿಯಾಗಿ ಹೋಗುತ್ತದೆ. ಇದಲ್ಲದೆ, ಕರೆಂಟ್ ಹೋಗಿ ಬಂದ ಮೇಲೆ ಸ್ವಿಚ್‌ನ ಲಾಗ್‌ಗಳಲ್ಲಿ ಮಾರ್ಚ್ 1 ಎಂಬ ದಿನಾಂಕ ಕಾಣುತ್ತದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಕೋಟೆನಾಡಿನವ

ವಾಝೂ ಕಡೆ ಕೈಹಾಕುವ ಮೊದಲು, ಪ್ಯಾಕೆಟ್ ಸರ್ವರಿನ ಬಾಗಿಲಿಗಾದರೂ ಬರುತ್ತಿದೆಯೇ ಎಂಬುದನ್ನು ಟಿಸಿಪಿಡಂಪ್‌ನಲ್ಲಿ (ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಆದೇಶ) ನೋಡಿಕೊಳ್ಳಿ. ಬರುತ್ತಿಲ್ಲವೆಂದೇ ನನ್ನ ಊಹೆ. ಶಾಖೆಯ ಕಂಪ್ಯೂಟರ್ ಕಳಿಸುವ ಪ್ಯಾಕೆಟ್‌ಗೆ ಲ್ಯಾನ್ ವಿಳಾಸವಿರುವುದರಿಂದ ಅದು ಟನೆಲ್‌ನ ಫೇಸ್ 2 ಸೆಲೆಕ್ಟರ್‌ಗೆ (ಯಾವ ವಿಳಾಸಗಳು ಟನೆಲ್ ದಾಟಬಹುದೆಂಬ ಪಟ್ಟಿ) ಹೊಂದಿಕೊಂಡು ದಾಟುತ್ತದೆ. ಫೈರ್‌ವಾಲ್ ತಾನೇ ಹುಟ್ಟಿಸುವ ಸಿಸ್‌ಲಾಗ್ ಪ್ಯಾಕೆಟ್‌ಗೆ ಮೂಲ ವಿಳಾಸವನ್ನು ನೀವು ಹೇಳದಿದ್ದರೆ, ಅದು ಬೇರೊಂದು ಇಂಟರ್‌ಫೇಸ್‌ನ ವಿಳಾಸವನ್ನು ಹಚ್ಚಿಕೊಂಡು ಹೊರಡಬಹುದು, ಆಗ ಟನೆಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಕಂಪ್ಯೂಟರಿನ ಪಿಂಗ್‌ನಿಂದ ಫೈರ್‌ವಾಲ್ ಬಗ್ಗೆ ಏನೂ ಸಾಬೀತಾಗುವುದಿಲ್ಲ. ‘ಕಾನ್ಫಿಗ್ ಲಾಗ್ ಸಿಸ್‌ಲಾಗ್‌ಡಿ ಸೆಟ್ಟಿಂಗ್’ ಒಳಗೆ ‘ಸೆಟ್ ಸೋರ್ಸ್-ಐಪಿ’ ಕೊಟ್ಟು ಅದರ ಲ್ಯಾನ್ ವಿಳಾಸವನ್ನು ನಮೂದಿಸಿ.

ಆ ವಿಳಾಸ ವಾಝೂವಿನ ‘ಅಲೌಡ್-ಐಪಿಸ್’ (ಲಾಗ್ ಕಳಿಸಲು ಅನುಮತಿ ಇರುವ ವಿಳಾಸಗಳ) ಪಟ್ಟಿಯಲ್ಲಿಯೂ ಇರಬೇಕು. ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ: ಯಾವ ನಿಯಮಕ್ಕೂ ಹೊಂದದ ಲಾಗ್ ಅಲರ್ಟ್ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಪರೀಕ್ಷೆ ಮುಗಿಯುವವರೆಗೆ, ಬಂದ ಎಲ್ಲ ಲಾಗ್‌ಗಳನ್ನೂ ಉಳಿಸುವ ‘ಲಾಗ್‌ಆಲ್’ ಆನ್ ಮಾಡಿ ಆರ್ಕೈವ್ಸ್ ಫೈಲಿನಲ್ಲಿ ಹುಡುಕಿ, ನಂತರ ಡಿಸ್ಕಿನ ಮೇಲೆ ಕಣ್ಣಿಡಿ.

ತುಂಗಭದ್ರಾ_ತೀರ

ಮಾರ್ಚ್ 1ರ ಬಗ್ಗೆ. ಬ್ಯಾಟರಿ ಗಡಿಯಾರವಿಲ್ಲದ ಸಿಸ್ಕೊ ಸ್ವಿಚ್‌ಗಳು ರೀಬೂಟ್ ಆದಾಗ 1993ರ ಮಾರ್ಚ್ 1ರಿಂದ ಎಣಿಕೆ ಶುರು ಮಾಡುತ್ತವೆ. ಸಮಯದ ಮುಂದೆ ನಕ್ಷತ್ರದ ಗುರುತು ಇದ್ದರೆ ಆ ಗಡಿಯಾರವನ್ನು ನಂಬುವಂತಿಲ್ಲವೆಂದೇ ಅರ್ಥ. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಕೊಟ್ಟು, ‘ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30’ ಹಾಕಿ, ‘ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್ ಲಾಗ್ ಡೇಟ್‌ಟೈಮ್’ ಆದೇಶದಲ್ಲಿ ‘ಶೋ-ಟೈಮ್‌ಝೋನ್’ ಸೇರಿಸಿ. ಸಿಸ್‌ಲಾಗ್‌ನ ಆರ್‌ಎಫ್‌ಸಿ 3164 ಎಂಬ ಹಳೆಯ ಮಾದರಿಯಲ್ಲಿ ವರ್ಷವೂ ಇರುವುದಿಲ್ಲ, ಸಮಯವಲಯವೂ ಇರುವುದಿಲ್ಲ. ಎರಡು ಉಪಕರಣಗಳ ಘಟನೆಗಳನ್ನು ಹೊಂದಿಸಿ ನೋಡುವಾಗ ಐದೂವರೆ ಗಂಟೆಯ ವ್ಯತ್ಯಾಸ ಬರುವುದು ಇಂಥಲ್ಲಿಯೇ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಸಮಯಕ್ಕೆ ಹೊಂದಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಹಾಗಾಗಿ ಗಡಿಯಾರವನ್ನು ಸರಿಪಡಿಸುವ ಕೆಲಸವನ್ನು ಮುಂದೂಡಬೇಡಿ.

ಬೆಣ್ಣೆನಗರಿ_ನೆಟ್

ಸೋರ್ಸ್-ಐಪಿ ಕೊಟ್ಟ ಕೂಡಲೇ ಫೈರ್‌ವಾಲ್ ಲಾಗ್ ಬರತೊಡಗಿತು, ಸ್ವಿಚ್‌ಗೂ ಎನ್‌ಟಿಪಿ ಹಾಕಿದೆ. ಇಬ್ಬರಿಗೂ ಧನ್ಯವಾದಗಳು. ಈಗ ಸಂಜೆ ಸಿಬ್ಬಂದಿ ಕಂಪ್ಯೂಟರ್ ಆರಿಸುವ ಹೊತ್ತಿಗೆ ಸ್ವಿಚ್‌ನಿಂದ ಲಿಂಕ್ ಡೌನ್ ಸಂದೇಶಗಳ ರಾಶಿಯೇ ಬರುತ್ತದೆ. ‘ಲಾಗಿಂಗ್ ಟ್ರ್ಯಾಪ್’ (ಯಾವ ಗಂಭೀರತೆಯವರೆಗಿನ ಸಂದೇಶ ಸರ್ವರಿಗೆ ಹೋಗಬೇಕೆಂಬ) ಮಟ್ಟವನ್ನು ವಾರ್ನಿಂಗ್‌ಗೆ ಇಳಿಸಿದರೆ ನಿಲ್ಲಬಹುದೇ?

ಕೋಟೆನಾಡಿನವ

ದಯವಿಟ್ಟು ಹಾಗೆ ಮಾಡಬೇಡಿ, ಅದು ತಿರುಗುಬಾಣವಾಗುತ್ತದೆ. ಸಿಸ್‌ಲಾಗ್‌ನಲ್ಲಿ 0 ಅತ್ಯಂತ ಗಂಭೀರ, 7 ಡೀಬಗ್. ಲಿಂಕ್ ಡೌನ್ ಸಂದೇಶದ ಮಟ್ಟ 3, ವಾರ್ನಿಂಗ್ 4. ವಾರ್ನಿಂಗ್ ಇಟ್ಟರೆ 0ಯಿಂದ 4ರವರೆಗಿನ ಸಂದೇಶಗಳು ಮಾತ್ರ ಹೋಗುತ್ತವೆ. ಆದ್ದರಿಂದ ಲಿಂಕ್ ಡೌನ್ ಬರುತ್ತಲೇ ಇರುತ್ತದೆ. ಆದರೆ ಯಾರೋ ಸ್ವಿಚ್‌ನ ಕಾನ್ಫಿಗರೇಶನ್ ಬದಲಾಯಿಸಿದರು ಎಂಬ ಸಂದೇಶದ ಮಟ್ಟ 5. ನಿಮ್ಮ ಭದ್ರತಾ ಸರ್ವರಿಗೆ ನಿಜವಾಗಿ ಬೇಕಾದ ಆ ಸಾಲೇ ಮಾಯವಾಗುತ್ತದೆ. ಮಟ್ಟವನ್ನು 6ರಲ್ಲೇ ಬಿಟ್ಟು, ಸಿಬ್ಬಂದಿಯ ಪೋರ್ಟ್‌ಗಳಲ್ಲಿ ಮಾತ್ರ ‘ನೋ ಲಾಗಿಂಗ್ ಈವೆಂಟ್ ಲಿಂಕ್-ಸ್ಟೇಟಸ್’ ಕೊಡಿ. ಅಪ್‌ಲಿಂಕ್ ಮತ್ತು ಎಟಿಎಂ ಪೋರ್ಟ್ ಮುಟ್ಟಬೇಡಿ. ಲಾಗಿನ್ ವಿವರಗಳೂ ಬೇಕಿದ್ದರೆ ‘ಲಾಗಿನ್ ಆನ್-ಫೇಲ್ಯೂರ್ ಲಾಗ್’ ಮತ್ತು ‘ಲಾಗಿನ್ ಆನ್-ಸಕ್ಸೆಸ್ ಲಾಗ್’ ಎರಡನ್ನೂ ಹಾಕಿಕೊಳ್ಳಿ.